ಕನ್ನಡ ಅಂಕಿಗಳಿಗೆ ಪೈಥಾನ್‌ನ ‘ಇಂಟ್’ ಮತ್ತು ‘ಆರ್ಡ್’: ದೀರ್ಘಕಾಲದ ಬಳಕೆಯ ವಿಮರ್ಶೆ

ಹಳೆಯ ಕನ್ನಡ ಪುಸ್ತಕಗಳ ಪುಟಸಂಖ್ಯೆ, ಪದ್ಯಸಂಖ್ಯೆ ಮತ್ತು ಇಸವಿಗಳನ್ನು ಗಣಕಕ್ಕೆ ಏರಿಸುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ಪೈಥಾನ್ 3 ಪ್ರೋಗ್ರಾಮಿಂಗ್ ಭಾಷೆಯ ‘ಇಂಟ್’ (int) ಮತ್ತು ‘ಆರ್ಡ್’ (ord) ಎಂಬ ಎರಡು ಫಂಕ್ಷನ್‌ಗಳನ್ನು ನೆಚ್ಚಿಕೊಂಡಿದ್ದೇನೆ. ‘೧೯೫೬’ ಎಂಬ ಪಠ್ಯವನ್ನು ಇಂಟ್‌ಗೆ ಕೊಟ್ಟರೆ ಬೇರೆ ಯಾವ ಸಿದ್ಧ ಕೋಡ್ ಲೈಬ್ರರಿಯ ಹಂಗೂ ಇಲ್ಲದೆ 1956 ಎಂಬ ಪೂರ್ಣಾಂಕ ಕೈಗೆ ಬರುತ್ತದೆ. ಸಿ ಭಾಷೆಯಲ್ಲಿ ಇದೇ ಕೆಲಸಕ್ಕಿರುವ ‘ಎಟಾಯ್’ (atoi) ಈ ಪಠ್ಯಕ್ಕೆ ಸದ್ದಿಲ್ಲದೆ ಸೊನ್ನೆಯನ್ನು ಮರಳಿಸುವುದರಿಂದ, ಅದು ನಿಜವಾದ ಸೊನ್ನೆಯೋ ಓದಲಾಗದ ಪಠ್ಯವೋ ಎಂದು ತಿಳಿಯುವುದೇ ಇಲ್ಲ. ಇಂಟ್ ಹಾಗಲ್ಲ, ಅರ್ಥವಾಗದಿದ್ದರೆ ‘ವ್ಯಾಲ್ಯೂಎರರ್’ ಎಂಬ ದೋಷಸಂದೇಶ ಎತ್ತಿ ಅಲ್ಲಿಯೇ ನಿಲ್ಲುತ್ತದೆ. ಈ ನಿಷ್ಠುರತೆಯೇ ಅದರ ದೊಡ್ಡ ಗುಣವೆಂದು ನಾನು ನಂಬಿದ್ದೇನೆ.

ಆದರೆ ಆ ದೋಷಸಂದೇಶ ಪಠ್ಯವನ್ನು ಇಡಿಯಾಗಿ ಮುಂದಿಡುತ್ತದೆಯೇ ಹೊರತು ತಕರಾರು ಯಾವ ಅಕ್ಷರದ್ದೆಂದು ಹೇಳುವುದಿಲ್ಲ. ಕನ್ನಡದಲ್ಲಿ ಇದು ನಿಜವಾದ ತೊಡಕು, ಏಕೆಂದರೆ ಬೆರಳಚ್ಚಿನಲ್ಲಿ ಸೊನ್ನೆಯ ಜಾಗದಲ್ಲಿ ಅನುಸ್ವಾರ ಬಂದು ಕೂರುವುದು ಸಾಮಾನ್ಯ, ಮತ್ತು ‘೧೦’ ಹಾಗೂ ‘೧ಂ’ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಇಲ್ಲಿ ನೆರವಿಗೆ ಬರುವುದು ಆರ್ಡ್; ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕೊಟ್ಟ ಅಕ್ಷರದ ಸಂಖ್ಯೆ ಎಷ್ಟೆಂದು ಅದು ಹೇಳುತ್ತದೆ. ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳು 3302ರಿಂದ 3311ರವರೆಗೆ ಸಾಲಾಗಿವೆ. ಅನುಸ್ವಾರದ ಸಂಖ್ಯೆ 3202. ಕಣ್ಣು ಹಿಡಿಯಲಾರದ ವ್ಯತ್ಯಾಸವನ್ನು ಆರ್ಡ್ ಸರಿಯಾಗಿ ನೂರರ ಅಂತರದಲ್ಲಿ ತೋರಿಸುತ್ತದೆ.

ಆರ್ಡ್ ಒಂದು ಬಾರಿಗೆ ಒಂದೇ ಸಂಕೇತವನ್ನು ಸ್ವೀಕರಿಸುತ್ತದೆ. ನಮಗೆ ಒಂದೇ ಅಕ್ಷರವಾಗಿರುವ ‘ಕ್ಷ’ ಅದಕ್ಕೆ ಮೂರು ಸಂಕೇತಗಳಾದ್ದರಿಂದ ‘ಟೈಪ್‌ಎರರ್’ ಬರುತ್ತದೆ. ಬಿಡಿಸಿ ಕೊಟ್ಟರೆ 3221, 3277, 3255 ಎಂದು ಕ, ಹಲಂತ, ಷ ಬೇರೆಬೇರೆಯಾಗಿ ಸಿಗುತ್ತವೆ. ಕನ್ನಡ ಪಠ್ಯದೊಡನೆ ಕೆಲಸ ಮಾಡುವವರು ಇದನ್ನು ಮೊದಲೇ ಮನಗಾಣುವುದು ಒಳ್ಳೆಯದು.

ಅಂಕಿಯೇ ಎಂದು ಮುಂಚಿತವಾಗಿ ಪರೀಕ್ಷಿಸಲು ಹಲವರು ‘ಇಸ್‌ಡಿಜಿಟ್’ ಬಳಸುತ್ತಾರೆ. ಅದು ಘಾತಸೂಚಕವಾದ ‘²’ವನ್ನೂ ಒಪ್ಪುತ್ತದೆ, ಇಂಟ್ ಒಪ್ಪುವುದಿಲ್ಲ; ಆದ್ದರಿಂದ ‘ಇಸ್‌ಡೆಸಿಮಲ್’ ಸರಿಯಾದ ಆಯ್ಕೆ. ಇನ್ನು ಬೆಂಗಳೂರಿನ ದೂರವಾಣಿ ಸಂಕೇತ ‘೦೮೦’ ಇಂಟ್‌ನಲ್ಲಿ 80 ಆಗಿಬಿಡುತ್ತದೆ. ಲೆಕ್ಕಕ್ಕೆ ಬಾರದ, ಗುರುತಿಗಷ್ಟೇ ಇರುವ ಇಂತಹ ಅಂಕಿಗಳನ್ನು ನಾನು ಪೂರ್ಣಾಂಕವಾಗಿಸದೆ ಪಠ್ಯವಾಗಿಯೇ ಉಳಿಸಿಕೊಳ್ಳುತ್ತೇನೆ.