ಗಂಗಾವತಿ ಕಡೆ ಮನೆ ಕಟ್ಟುವವರೇ, ಸಿಮೆಂಟ್ ಚೀಲದ ಹೊಲಿಗೆ ನೋಡಿ ಇಳಿಸಿಕೊಳ್ಳಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ದಯವಿಟ್ಟು ಇದನ್ನು ಓದಿ. ಸಿಮೆಂಟ್ ಬಂದಾಗ ಬ್ರ್ಯಾಂಡ್ ಆಮೇಲೆ ನೋಡಿ, ಮೊದಲು ಚೀಲದ ಹೊಲಿಗೆ ನೋಡಿ. ಹೊಲಿಗೆ ನೋಡದೆ ಒಂದು ಚೀಲವನ್ನೂ ಇಳಿಸಿಕೊಳ್ಳಬೇಡಿ.

ನಮ್ಮ ಮನೆಯ ಒಳಗಿನ ಪ್ಲಾಸ್ಟರ್ ನಡೆಯುತ್ತಿತ್ತು. ಮಾಮೂಲಿ ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂದರು, ಬೇರೆ ಕಡೆ ತರಿಸಿದೆ. ರೇಟು ಕಮ್ಮಿ ಅಂತ ಹೋದದ್ದಲ್ಲ, ಹೊಸ ಮಾಲಿನ ಪೂರ್ತಿ ರೇಟು ಕೊಟ್ಟಿದ್ದೇನೆ. ಹೊಟ್ಟೆ ಉರಿಯುವುದು ಅದಕ್ಕೇ. ಟ್ರ್ಯಾಕ್ಟರ್ ಬಂದದ್ದು ಕತ್ತಲಾದ ಮೇಲೆ. ಹಮಾಲರು ಗಡಿಬಿಡಿಯಲ್ಲಿ ಇಳಿಸಿ ಹೊರಟರು. ನೆಲಕ್ಕೆ ಹಲಗೆ ಹಾಕಿ, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಿ, ತಾಡಪಾಲು ಹೊದಿಸಿದ ಮೇಲೆಯೇ ನಾನು ಮಲಗಿದ್ದು.

ಬೆಳಿಗ್ಗೆ ಮೇಸ್ತ್ರಿ ಒಂದು ಚೀಲ ಬಿಚ್ಚಿ ಬಾಂಡ್ಲಿಗೆ ಸುರಿದರು. ಟಣ್ ಅಂತ ಸದ್ದು ಬಂತು. ಸಿಮೆಂಟ್ ಸುರಿದರೆ ಸದ್ದು ಬರುತ್ತಾ? ನೋಡಿದರೆ ಅಡಿಕೆ ಗಾತ್ರದ ಗಂಟುಗಳು. ಅಂಗಡಿಗೆ ಫೋನ್ ಮಾಡಿದೆ. "ಅಡಿಯ ಚೀಲ ಸಾರ್, ಮೇಲಿನ ಭಾರಕ್ಕೆ ಗಟ್ಟಿಯಾಗಿರುತ್ತೆ, ಉರುಳಿಸಿ ಸರಿಹೋಗುತ್ತೆ" ಅಂದ. ಮಾತು ಅರ್ಧ ನಿಜ. ಭಾರಕ್ಕೆ ಗಟ್ಟಿಯಾದ ಸಿಮೆಂಟ್ ಚೀಲ ಉರುಳಿಸಿದರೆ ಸಡಿಲವಾಗುತ್ತೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತೆ. ಇದಕ್ಕೆ ಸುತ್ತಿಗೆಯೇ ಬೇಕಾಯಿತು. ಅಂದರೆ ತೇವ ಕುಡಿದು ಒಳಗೇ ಸೆಟ್ ಆಗಿಬಿಟ್ಟಿದೆ. ಆ ಚೀಲ ಬದಿಗಿಟ್ಟೆವು.

ಉಳಿದವು ನುಣ್ಣಗಿದ್ದವು. ಹಾಲ್‌ನ ಗೋಡೆಗೆ ಅವೇ ಹೋದವು. ಮೋಸ ಇದ್ದದ್ದೇ ಆ ನುಣ್ಣಗಿನ ಚೀಲಗಳಲ್ಲಿ.

ದಿನಾ ನೀರು ಹೊಡೆದು ಕ್ಯೂರಿಂಗ್ ಮಾಡಿದ ಗೋಡೆ ಅದು. ಸ್ವಿಚ್ ಬಾಕ್ಸ್ ಕೂರಿಸಲು ಎಲೆಕ್ಟ್ರಿಷಿಯನ್ ಉಳಿ ಇಟ್ಟ ತಕ್ಷಣ ಪ್ಲಾಸ್ಟರ್ ಹಿಟ್ಟಿನ ಹಾಗೆ ಉದುರಿತು. ನಾನು ಮೊಳೆಯಲ್ಲಿ ಕೆರೆದೆ, ಉದುರಿತು. ಬೆರಳಲ್ಲಿ ಉಜ್ಜಿದೆ, ಉದುರಿತು. ಮನೆ ನೋಡಲು ಬಂದ ಬೀಗರು ಅಲ್ಲೇ ನಿಂತಿದ್ದರು. ಮೇಸ್ತ್ರಿ ಮುಖ ಕಪ್ಪಿಟ್ಟಿತು. ನಮ್ಮ ಮನೆಯವರ ಮುಂದೆ ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ಉಳಿದ ಚೀಲಗಳನ್ನು ಹೊರಳಿಸಿ ನೋಡಿದೆವು. ಒಂದು ಬದಿ ಕಾರ್ಖಾನೆಯ ಮಿಷನ್ ಹೊಲಿಗೆ. ಇನ್ನೊಂದು ಬದಿ ದಬ್ಬಳದಲ್ಲಿ ಹಾಕಿದ ಕೈಹೊಲಿಗೆ, ದಾರದ ಬಣ್ಣವೇ ಬೇರೆ. ಅಕ್ಕಿ ಮಿಲ್ಲುಗಳ ಊರಲ್ಲಿ ಹುಟ್ಟಿದವನಿಗೆ ದಬ್ಬಳದ ಹೊಲಿಗೆ ಗೊತ್ತಾಗಲ್ವಾ? ಪ್ಯಾಕ್ ಆದ ವಾರ, ವರ್ಷ ಮುದ್ರಿಸಿದ ಜಾಗವನ್ನು ಉಜ್ಜಿ ಅಳಿಸಿದ್ದಾರೆ. ಒಂದರಲ್ಲಿ ಅಳಿಸಲು ಮರೆತಿದ್ದರು. ಹೋದ ವರ್ಷದ ಮಾಲು! ಗಂಟು ಜರಡಿ ಹಿಡಿದು, ಪುಡಿಯನ್ನು ತುಂಬಿ, ಹೊಸದು ಅಂತ ಕೊಟ್ಟಿದ್ದಾರೆ. ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿಯಿಂದ ಲಾರಿ ಒಂದು ರಾತ್ರಿಯಲ್ಲಿ ಬರುವ ಊರಿಗೆ ಹೋದ ವರ್ಷದ ಸಿಮೆಂಟ್!

ಅಂಗಡಿಗೇ ಹೋದೆ. ಮೊದಲು "ಸಿಮೆಂಟೇನು ಮಾತ್ರೆನಾ ಸಾರ್, ಎಕ್ಸ್‌ಪೈರಿ ಆಗೋಕೆ?" ಆಮೇಲೆ "ಮೇಸ್ತ್ರಿ ಮರಳು ಜಾಸ್ತಿ ಹಾಕಿದ್ದಾನೆ." ಆಮೇಲೆ "ನಿಮ್ಮ ಮನೇಲೇ ಒದ್ದೆ ಆಗಿದೆ." ಹಲಗೆ, ತಾಡಪಾಲಿನ ಫೋಟೋ ತೋರಿಸಿದೆ. ಕೊನೆಗೆ ಏನಂದ ಗೊತ್ತಾ? "ಪ್ಲಾಸ್ಟರ್‌ಗೆ ಇಷ್ಟು ನಡೆಯುತ್ತೆ, ಎಲ್ಲರಿಗೂ ಇದನ್ನೇ ಕೊಡೋದು." ಎಲ್ಲರಿಗೂ! ಈ ಒಂದು ಮಾತಿಗೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಚೀಲದಲ್ಲಿ ಮೂರು ತಿಂಗಳು ಕೂತರೆ ಸಿಮೆಂಟಿನ ಬಲ ಸುಮಾರು 20 ಪರ್ಸೆಂಟ್, ವರ್ಷಕ್ಕೆ 40 ಪರ್ಸೆಂಟ್ ಇಳಿಯುತ್ತೆ ಅನ್ನುವುದು ಎಂಜಿನಿಯರುಗಳು ಹೇಳುವ ಲೆಕ್ಕ. ಮಳೆಗಾಲ ಕಂಡ ಮಾಲಾದರೆ ಇನ್ನೂ ಜಾಸ್ತಿ. ಜರಡಿ ಹಿಡಿದರೆ ಗಂಟು ಹೋಗುತ್ತೆ, ಹೋದ ಬಲ ವಾಪಸ್ ಬರಲ್ಲ. ಮೂರು ತಿಂಗಳು ದಾಟಿದ್ದನ್ನು ಟೆಸ್ಟ್ ಮಾಡಿಸದೆ ಕಾಲಂ, ಸ್ಲ್ಯಾಬ್‌ಗೆ ಮುಟ್ಟಿಸಲೇಬೇಡಿ.

ಹಗಲಲ್ಲೇ ಇಳಿಸಿಕೊಳ್ಳಿ. ತಾರೀಖು ಅಳಿಸಿದ್ದರೆ ಟ್ರ್ಯಾಕ್ಟರ್ ಸಮೇತ ವಾಪಸ್ ಕಳಿಸಿ. ಚೀಟಿ ಬೇಡ, ಜಿಎಸ್‌ಟಿ ಬಿಲ್ಲೇ ಕೇಳಿ. ನನಗೆ ಅವನು ಕೊಟ್ಟದ್ದು ಬರೀ ಎಸ್ಟಿಮೇಟ್ ಚೀಟಿ, ಈಗ ಅದನ್ನೇ ಹಿಡಿದು "ಇದು ನಮ್ಮ ಬಿಲ್ಲೇ ಅಲ್ಲ" ಅನ್ನುತ್ತಿದ್ದಾನೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಚೀಲ, ಹೊಲಿಗೆ, ಉದುರಿದ ಪ್ಲಾಸ್ಟರ್ ಎಲ್ಲದರ ಫೋಟೋ ಇಟ್ಟುಕೊಂಡು ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಅದೇ ಮಾಲು ಸಿಕ್ಕವರು ಚೀಲ ಎಸೆಯಬೇಡಿ, ಜೊತೆಗೆ ಬನ್ನಿ.