ಪವರ್9 ಮೇಲೆ ಜಿಸಿಸಿಯ ಕ್ವಾಡ್ ಪ್ರಿಸಿಷನ್: ವರ್ಷಗಟ್ಟಲೆ ಬಳಸಿದ ಮೇಲಿನ ಮಾತು

128 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ಲೆಕ್ಕ, ಅಂದರೆ ಭಿನ್ನಾಂಶವಿರುವ ಸಂಖ್ಯೆಗಳ ಕ್ವಾಡ್ ಪ್ರಿಸಿಷನ್ ಲೆಕ್ಕ, ದಿನನಿತ್ಯ ಬೇಕಾಗುವವರಿಗೆ ಐಬಿಎಂನ ಪವರ್9 ಪ್ರೊಸೆಸರ್ ಮತ್ತು ಜಿಸಿಸಿ ಕಂಪೈಲರ್‌ನ ಜೋಡಿಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ನಾನು ಬಳಸಿ ನೋಡಿದವುಗಳಲ್ಲಿ ಇಷ್ಟು ನೆಮ್ಮದಿ ಕೊಟ್ಟದ್ದು ಬೇರೊಂದಿಲ್ಲ. ಆದರೆ ಕೆಲವು ಸಂಗತಿಗಳನ್ನು ಮೊದಲೇ ತಿಳಿದುಕೊಂಡಿರದಿದ್ದರೆ, ಯಂತ್ರದಲ್ಲಿರುವ ಶಕ್ತಿ ನಿಮ್ಮ ಪ್ರೋಗ್ರಾಂ ತನಕ ಬಂದು ತಲುಪುವುದೇ ಇಲ್ಲ.

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಬಿಡಿಭಾಗಗಳನ್ನು ಅಳೆಯುವ ಯಂತ್ರಗಳಿಗೆ ತಂತ್ರಾಂಶ ಬರೆಯುವುದು ನಮ್ಮ ಕೆಲಸ. ಯಂತ್ರದ ತುದಿಯಲ್ಲಿರುವ ಮಾಣಿಕ್ಯದ ಗುಂಡು ಲೋಹವನ್ನು ಅಲ್ಲಲ್ಲಿ ಮುಟ್ಟಿ ಬಿಂದುಗಳನ್ನು ಕೊಡುತ್ತದೆ. ಆ ಬಿಂದುಗಳಿಗೆ ಹೊಂದುವ ವೃತ್ತವನ್ನೋ ಸಿಲಿಂಡರನ್ನೋ ನಾವು ಲೆಕ್ಕ ಹಾಕಿ ತೆಗೆಯಬೇಕು. ಮೂಲಬಿಂದುವಿನಿಂದ ಒಂದು ಮೀಟರ್ ದೂರದ ಬಿಂದುವನ್ನು ತೆಗೆದುಕೊಳ್ಳಿ. ಮಿಲಿಮೀಟರ್ ಲೆಕ್ಕದಲ್ಲಿ ಆ ದೂರದ ವರ್ಗ ಹತ್ತು ಲಕ್ಷ. ನಮಗೆ ಬೇಕಾದ ವ್ಯತ್ಯಾಸ ಒಂದು ಮೈಕ್ರಾನ್, ಅದರ ವರ್ಗ ಒಂದರ ಹತ್ತು ಲಕ್ಷದ ಒಂದು ಭಾಗ. ಎರಡರ ನಡುವೆ 12 ದಶಾಂಶ ಸ್ಥಾನಗಳ ಅಂತರವಿದೆ. ಕಂಪ್ಯೂಟರಿನ ಸಾಮಾನ್ಯ 64 ಬಿಟ್ ಸಂಖ್ಯೆಯಾದ ಡಬಲ್ ಹಿಡಿದಿಡುವುದು 16ರ ಆಸುಪಾಸಿನ ಅಂಕಿಗಳನ್ನು ಮಾತ್ರ. ಇದರ ಮೇಲೆ ಕನಿಷ್ಠ ವರ್ಗ ವಿಧಾನದ ನಾರ್ಮಲ್ ಸಮೀಕರಣಗಳನ್ನು ಕಟ್ಟಿದರೆ, ಸಣ್ಣ ತಪ್ಪು ಎಷ್ಟು ಹಿಗ್ಗುತ್ತದೆಂದು ಹೇಳುವ ಕಂಡಿಷನ್ ಸಂಖ್ಯೆ ವರ್ಗಗೊಳ್ಳುತ್ತದೆ, ಅಂದರೆ ಕಳೆದುಹೋಗುವ ಅಂಕಿಗಳು ಇಮ್ಮಡಿಯಾಗುತ್ತವೆ. ದೊಡ್ಡ ವೃತ್ತದ ಸಣ್ಣ ಕಂಸವಷ್ಟೇ ಅಳತೆಗೆ ಸಿಕ್ಕಿದ್ದರೆ ತ್ರಿಜ್ಯವನ್ನು ನಂಬುವುದು ಕಷ್ಟ.

ಗಿರಾಕಿಗೆ ಹೋಗುವ ಪ್ರೋಗ್ರಾಂ ಡಬಲ್‌ನಲ್ಲೇ ಓಡುತ್ತದೆ. ಅಂಗಡಿಯ ತೂಕದ ಕಲ್ಲನ್ನು ಇಲಾಖೆಯ ಮಾದರಿ ಕಲ್ಲಿನ ಜೊತೆ ಹೋಲಿಸಿ ನೋಡುವಂತೆ, ಅದೇ ಬಿಂದುಗಳನ್ನು ಕ್ವಾಡ್‌ನಲ್ಲಿ ಓಡಿಸಿ ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಡುತ್ತೇವೆ. 2008ರ ಐಇಇಇ 754 ಮಾನಕದ ಪ್ರಕಾರ ಕ್ವಾಡ್ ಎಂದರೆ ಚಿಹ್ನೆಗೆ 1 ಬಿಟ್, ಘಾತಕ್ಕೆ 15, ಭಿನ್ನಭಾಗಕ್ಕೆ 112. ಒಟ್ಟು ನಿಖರತೆ 113 ಬಿಟ್, ಸುಮಾರು 34 ದಶಾಂಶ ಅಂಕಿಗಳು. ಹನ್ನೆರಡಲ್ಲ, ಹದಿನಾರು ಅಂಕಿ ಕಳೆದರೂ ಕೈಯಲ್ಲಿ ಇನ್ನೂ ಬೇಕಾದಷ್ಟು ಉಳಿದಿರುತ್ತದೆ.

ಮೊದಲು ಇದನ್ನೆಲ್ಲ ಇಂಟೆಲ್, ಎಎಂಡಿ ಮಾದರಿಯ ಸಾಮಾನ್ಯ ಎಕ್ಸ್86 ಯಂತ್ರದಲ್ಲೇ ಮಾಡುತ್ತಿದ್ದೆವು. ಅಲ್ಲಿ ಕ್ವಾಡ್‌ಗೆ ಹಾರ್ಡ್‌ವೇರ್ ಇಲ್ಲ. ಪ್ರತಿಯೊಂದು ಕೂಡಿಕೆ, ಪ್ರತಿಯೊಂದು ಗುಣಾಕಾರಕ್ಕೂ ಕಂಪೈಲರ್ ಒಂದು ಲೈಬ್ರರಿ ಫಂಕ್ಷನ್ನನ್ನು ಕರೆಯುತ್ತದೆ. ಉತ್ತರ ಸರಿಯಾಗಿರುತ್ತದೆ, ಆದರೆ ಡಬಲ್‌ಗಿಂತ ಹತ್ತಾರು ಪಟ್ಟು ನಿಧಾನ. ಲಿನಕ್ಸ್ ಓಡಿಸುವ 64 ಬಿಟ್ ಆರ್ಮ್ ಯಂತ್ರಗಳಲ್ಲಿ ಸಿ ಭಾಷೆಯ ಲಾಂಗ್ ಡಬಲ್ ಎಂಬ ಸಂಖ್ಯಾಪ್ರಕಾರವೇ 128 ಬಿಟ್‌ಗಳ ಕ್ವಾಡ್, ಆದರೂ ಕೆಲಸ ನಡೆಯುವುದು ಲೈಬ್ರರಿಯಲ್ಲೇ. ಆಪಲ್‌ನ ಆರ್ಮ್ ಲ್ಯಾಪ್‌ಟಾಪ್‌ನಲ್ಲಿ ಅದೇ ಲಾಂಗ್ ಡಬಲ್ ಬರೀ 64 ಬಿಟ್. ಆದ್ದರಿಂದ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿ ಸರ್ವರ್‌ನಲ್ಲಿ ಓಡಿಸುವವರು ಎಚ್ಚರವಾಗಿರಬೇಕು. ಸನ್ ಕಂಪನಿಯ ಸ್ಪಾರ್ಕ್ ಪ್ರೊಸೆಸರ್‌ನ ಕತೆ ಇನ್ನೂ ವಿಚಿತ್ರ: ಕ್ವಾಡ್ ಆದೇಶಗಳು ಕೈಪಿಡಿಯಲ್ಲಿದ್ದವು, ಚಿಪ್‌ನಲ್ಲಿರಲಿಲ್ಲ. ಆ ಆದೇಶ ಎದುರಾದರೆ ಟ್ರ್ಯಾಪ್ ಆಗಿ, ಅಂದರೆ ಚಿಪ್ ಅಲ್ಲೇ ನಿಂತು, ಸಾಫ್ಟ್‌ವೇರ್ ಅದನ್ನು ಅನುಕರಿಸಬೇಕಿತ್ತು. ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ನಿಜವಾದ ಹಾರ್ಡ್‌ವೇರ್ ಇದೆ, ಆದರೆ ಸಣ್ಣ ಕಚೇರಿಗೆ ಅದು ಎಟುಕುವ ಮಾತಲ್ಲ.

2017ರಲ್ಲಿ ಬಂದ ಪವರ್9ರಲ್ಲಿ ಕೂಡುವುದು, ಗುಣಿಸುವುದು, ಭಾಗಿಸುವುದು, ವರ್ಗಮೂಲ ಎಲ್ಲಕ್ಕೂ ಸ್ವಂತ ಆದೇಶಗಳಿವೆ. ನಾವು ಕೊಂಡದ್ದು ಸೆಕೆಂಡ್ ಹ್ಯಾಂಡ್ ಸರ್ವರ್, ಹಾಕಿಕೊಂಡದ್ದು ಡೆಬಿಯನ್ ಲಿನಕ್ಸ್. ಇಲ್ಲೇ ಮೊದಲ ತೊಡಕು. ಡೆಬಿಯನ್‌ನ ಜಿಸಿಸಿ ನಿಮ್ಮದು ಪವರ್8 ಎಂದುಕೊಂಡೇ ಕೋಡ್ ಹೊರಡಿಸುತ್ತದೆ. ಕಂಪೈಲರ್ ಹೊರಡಿಸಿದ ಅಸೆಂಬ್ಲಿ ಕೋಡ್ ತೆರೆದು ನೋಡಿದರೆ ಎಕ್ಸ್86ನಲ್ಲಿ ಕಂಡಂಥದ್ದೇ ಫಂಕ್ಷನ್ ಕರೆಗಳು ಸಾಲಾಗಿ ನಿಂತಿರುತ್ತವೆ. ಪ್ರೊಸೆಸರ್ ಪವರ್9 ಎಂದು ಆಯ್ಕೆ ಕೊಟ್ಟು ಮತ್ತೆ ಕಂಪೈಲ್ ಮಾಡಿದರೆ ಆ ಸಾಲೆಲ್ಲ ಕರಗಿ, ಎ ಗುಣಿಸು ಬಿ ಕೂಡಿಸು ಸಿ ಎಂಬಲ್ಲಿ ಒಂದೇ ಒಂದು ಆದೇಶ ಉಳಿಯುತ್ತದೆ. ಪ್ರೊಸೆಸರ್‌ಗೆ ತಕ್ಕ ಆದೇಶಗಳನ್ನು ಹೊರಡಿಸುವ ಕಂಪೈಲರ್ ಭಾಗವನ್ನು, ಅಂದರೆ ಬ್ಯಾಕೆಂಡನ್ನು, ಬರೆದವರ ಶ್ರದ್ಧೆ ನನಗೆ ಮನವರಿಕೆಯಾದದ್ದು ಆ ಸಾಲನ್ನು ಕಂಡಾಗ.

ಆ ಒಂದೇ ಆದೇಶಕ್ಕೆ ಇನ್ನೊಂದು ಮುಖವೂ ಇದೆ. ಅದು ಗುಣಲಬ್ಧವನ್ನು ದುಂಡುಗೊಳಿಸದೆ ನೇರವಾಗಿ ಕೂಡಿಸಿ, ಕೊನೆಯಲ್ಲಿ ಒಮ್ಮೆ ಮಾತ್ರ ದುಂಡುಗೊಳಿಸುತ್ತದೆ. ಎಕ್ಸ್86ನಲ್ಲಿ ಗುಣಾಕಾರಕ್ಕೊಮ್ಮೆ, ಕೂಡಿಕೆಗೊಮ್ಮೆ ದುಂಡುಗೊಳ್ಳುತ್ತದೆ. ಹಾಗಾಗಿ ಒಂದೇ ಪ್ರೋಗ್ರಾಂ ಎರಡು ಯಂತ್ರಗಳಲ್ಲಿ ಕೊನೆಯ ಅಂಕಿಗಳಲ್ಲಿ ಬೇರೆ ಉತ್ತರ ಕೊಡುತ್ತದೆ. ಪವರ್‌ನದು ಸಾಮಾನ್ಯವಾಗಿ ಹೆಚ್ಚು ನಿಖರ. ಆದರೆ ಅಂಕಿಗೆ ಅಂಕಿ ಹೋಲಿಸಬೇಕಾದಾಗ ಈ ಬೆಸುಗೆಯನ್ನು ಎಫ್‌ಪಿ-ಕಾಂಟ್ರ್ಯಾಕ್ಟ್ ಆಯ್ಕೆಯಿಂದ ನಿಲ್ಲಿಸಬೇಕು. ಜಿಸಿಸಿ ತನ್ನ ಸಾಮಾನ್ಯ ಸ್ಥಿತಿಯಲ್ಲಿ ತಾನಾಗಿ ಅದನ್ನು ನಿಲ್ಲಿಸುವುದಿಲ್ಲ.

ನನಗೆ ನಿಜಕ್ಕೂ ಬೇಸರ ತರಿಸುವುದು ಪವರ್‌ನ ಲಾಂಗ್ ಡಬಲ್. ಅದು ಬಹುಕಾಲ ಕ್ವಾಡ್ ಆಗಿರಲೇ ಇಲ್ಲ. ಎರಡು ಡಬಲ್‌ಗಳನ್ನು ಜೋಡಿಸಿ ಸುಮಾರು 106 ಬಿಟ್ ನಿಖರತೆ ಪಡೆಯುವ ಹಳೆಯ ಐಬಿಎಂ ಪದ್ಧತಿಯಾಗಿತ್ತು. ಅದೂ 128 ಬಿಟ್ ಜಾಗವನ್ನೇ ತೆಗೆದುಕೊಳ್ಳುವುದರಿಂದ ಗಾತ್ರ ನೋಡಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಘಾತದ ವ್ಯಾಪ್ತಿ ಮಾತ್ರ ಡಬಲ್‌ನಷ್ಟೇ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2020ರ 2.32 ಆವೃತ್ತಿಯಲ್ಲಿ ಐಇಇಇ ಕ್ವಾಡನ್ನೇ ಲಾಂಗ್ ಡಬಲ್ ಮಾಡಿಕೊಳ್ಳುವ ದಾರಿ ತೆರೆಯಿತು, ಫೆಡೋರಾ ಲಿನಕ್ಸ್ 36 ಪೂರ್ತಿಯಾಗಿ ಅದಕ್ಕೆ ಬದಲಾಯಿತು. ಹಳೆಯ ರೀತಿಯ ಲೈಬ್ರರಿಯನ್ನೂ ಹೊಸ ರೀತಿಯದನ್ನೂ ಬೆರೆಸಿ ಲಿಂಕ್ ಮಾಡುವ ಸಾಹಸಕ್ಕೆ ಕೈಹಾಕಬೇಡಿ. ಲಾಂಗ್ ಡಬಲ್ ಬದಲು, ಯಾವಾಗಲೂ ಐಇಇಇ ಕ್ವಾಡೇ ಆಗಿರುವ ಫ್ಲೋಟ್128 ಎಂಬ ಹೆಸರನ್ನೇ ಎಲ್ಲೆಡೆ ಬರೆಯುವುದು ಕ್ಷೇಮ.

ಹೊಸಬರು ಎಡವುವ ಜಾಗ ಇನ್ನೊಂದಿದೆ. ಕ್ವಾಡ್ ಚರಕ್ಕೆ 0.1 ಎಂದು ಬರೆದರೆ ಒಳಗೆ ಕೂರುವುದು 0.1000000000000000055511151231257827. ಪ್ರತ್ಯಯವಿಲ್ಲದ 0.1 ಮೊದಲು ಡಬಲ್ ಆಗಿ, ಆಮೇಲೆ ಅಗಲವಾಗುತ್ತದೆ. ಸ್ಥಿರಾಂಕದ ಕೊನೆಗೆ ಎಫ್128 ಅಥವಾ ಕ್ಯೂ ಪ್ರತ್ಯಯ ಹಾಕಲೇಬೇಕು. ಮುದ್ರಿಸಲು ಪ್ರಿಂಟ್‌ಎಫ್‌ನಲ್ಲಿ ಫ್ಲೋಟ್128ಕ್ಕೆಂದೇ ಗುರುತಿಲ್ಲ. ಸ್ಟ್ರ್‌ಫ್ರಂಎಫ್128 ಎಂಬ ಫಂಕ್ಷನ್‌ನಿಂದ ಮೊದಲು ಪಠ್ಯವಾಗಿಸಿಕೊಳ್ಳಬೇಕು. ಇಷ್ಟು ಒಳ್ಳೆಯ ಹಾರ್ಡ್‌ವೇರ್ ಇಟ್ಟುಕೊಂಡು ಉತ್ತರವನ್ನು ತೆರೆಯ ಮೇಲೆ ತರಲು ಸುತ್ತು ಬಳಸಬೇಕಾಗಿರುವುದು ಸರಿಯಲ್ಲ.

ಕ್ವಾಡ್ ಇದ್ದರೆ ಎಲ್ಲ ಲೆಕ್ಕವೂ ಸರಿ ಎಂದು ಯಾರೂ ಭಾವಿಸದಿರಲಿ. 1988ರಲ್ಲಿ ಗಣಿತಜ್ಞ ಝೀಗ್‌ಫ್ರೀಡ್ ರುಂಪ್ ಕೊಟ್ಟ ಪ್ರಸಿದ್ಧ ಬೀಜೋಕ್ತಿಯಲ್ಲಿ 37 ಅಂಕಿಗಳ ಎರಡು ಸಂಖ್ಯೆಗಳು ಪರಸ್ಪರ ಕಳೆದು ಉಳಿಯುವುದು ಮೈನಸ್ 2. 34 ಅಂಕಿಗಳ ಕ್ವಾಡ್‌ಗೆ ಅದು ನಿಲುಕುವುದಿಲ್ಲ. ಸೈನ್, ಲಾಗ್ ಮುಂತಾದವು ಪವರ್9ರಲ್ಲೂ ಲೈಬ್ರರಿಯವೇ. ಒಂದು ಕ್ವಾಡ್ ಸಂಖ್ಯೆ ಇಡೀ ವೆಕ್ಟರ್ ರೆಜಿಸ್ಟರನ್ನು ತುಂಬುವುದರಿಂದ ಡಬಲ್‌ನಂತೆ ಎರಡೆರಡನ್ನು ಒಟ್ಟಿಗೆ ಲೆಕ್ಕ ಮಾಡಲೂ ಆಗುವುದಿಲ್ಲ.

ಯಂತ್ರದ ಬಗ್ಗೆ: ಫ್ಯಾನ್ ಸದ್ದು ಬಹಳ, ಕೆಲಸ ಮಾಡುವ ಕೋಣೆಯಲ್ಲಿ ಇಡಬೇಡಿ. ಒಳ್ಳೆಯ ಯುಪಿಎಸ್ ಬೇಕು. ನಮ್ಮದರಲ್ಲಿರುವುದು ಡಿಡಿಆರ್4 ಸರ್ವರ್ ಮೆಮೊರಿ, ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು, ಮದರ್‌ಬೋರ್ಡ್ ಕೆಟ್ಟರೆ ಮಾತ್ರ ತಿಂಗಳುಗಟ್ಟಲೆ ಕಾಯಲು ಸಿದ್ಧರಿರಿ. ವಾರಕ್ಕೊಮ್ಮೆ ಕ್ವಾಡ್ ಲೆಕ್ಕ ಮಾಡುವವರಿಗೆ ಇದು ಬೇಡ. ಇರುವ ಎಕ್ಸ್86 ಯಂತ್ರದಲ್ಲೇ ರಾತ್ರಿ ಓಡಲು ಬಿಟ್ಟರೆ ಸಾಕು. ಪ್ರತಿ ಬದಲಾವಣೆಯ ನಂತರವೂ ಇಡೀ ಪರೀಕ್ಷಾ ಸರಣಿಯನ್ನು ಕ್ವಾಡ್‌ನಲ್ಲಿ ಓಡಿಸುವ ನಮ್ಮಂಥವರು ಕೊಳ್ಳಬಹುದು. ಪವರ್10 ಕೈಗೆಟುಕುವ ಬೆಲೆಗೆ ಸಿಕ್ಕರೆ ಅದನ್ನೇ ನೋಡಿ. ಪವರ್9ರಲ್ಲಿ ಇಲ್ಲದ, ಎರಡು ಕ್ವಾಡ್‌ಗಳಲ್ಲಿ ದೊಡ್ಡದನ್ನೂ ಚಿಕ್ಕದನ್ನೂ ನೇರವಾಗಿ ಆರಿಸುವ ಆದೇಶಗಳು ಅದರಲ್ಲಿವೆ.