ಭಾಷೆ ಸ್ಪ್ಯಾನಿಷ್, ದಿನಚರಿ ಬೇರೆಯವರದು: ಪಲೂಸ್ ಮೈಂಡ್‌ಫುಲ್‌ನೆಸ್ ಕೋರ್ಸ್
ಅಮೆರಿಕಕ್ಕೆ ವಲಸೆ ಬಂದ ಲ್ಯಾಟಿನಾ (ಲ್ಯಾಟಿನ್ ಅಮೆರಿಕ ಮೂಲದ) ತಾಯಂದಿರಿಗೆ ಒಂದು ಪೈಸೆ ಖರ್ಚಿಲ್ಲದೆ ಪೂರ್ತಿ ಧ್ಯಾನ ತರಬೇತಿ ಬೇಕೆಂದರೆ ಪಲೂಸ್ ಮೈಂಡ್‌ಫುಲ್‌ನೆಸ್‌ನ ಸ್ಪ್ಯಾನಿಷ್ ಆವೃತ್ತಿ ಇದೆ. ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಶುರುಮಾಡಿದ ಎಂಟು ವಾರಗಳ ಎಂಬಿಎಸ್‌ಆರ್ (ಧ್ಯಾನದ ಮೂಲಕ ಒತ್ತಡ ತಗ್ಗಿಸುವ) ಕ್ರಮವನ್ನೇ ಡೇವ್ ಪಾಟರ್ ಇಲ್ಲಿ ಆನ್‌ಲೈನ್‌ಗೆ ತಂದಿದ್ದಾರೆ. ಹೆಸರು ನೋಂದಾಯಿಸಬೇಕಿಲ್ಲ. ಕಾಗದಪತ್ರ ಇನ್ನೂ ಸರಿಹೋಗದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಹೆಸರು, ವಿಳಾಸ ಕೇಳಿದರೆ ಅಲ್ಲಿಗೇ ಕೈಬಿಡುವಷ್ಟು ಭಯ ಆ ಮನೆಗಳಲ್ಲಿ ನಿಜಕ್ಕೂ ಇದೆ.

ತೊಡಕು ಮೊದಲ ವಾರದಲ್ಲೇ ಎದುರಾಗುತ್ತದೆ. ದಿನಕ್ಕೆ ಸುಮಾರು ಅರ್ಧ ಗಂಟೆ ಬಾಡಿ ಸ್ಕ್ಯಾನ್: ಮಲಗಿಕೊಂಡು, ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗದ ಮೇಲೆ ಗಮನ. ಹಗಲಿಡೀ ಹೋಟೆಲ್ ಕೋಣೆಗಳನ್ನು ಗುಡಿಸಿ ಒರೆಸಿ ಬಂದವಳಿಗೆ ಗಮನ ಮೊಣಕಾಲು ತಲುಪುವಷ್ಟರಲ್ಲಿ ನಿದ್ದೆ ಹತ್ತುತ್ತದೆ. ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೆ ಊರಿ ಮಾಡುವುದು ಮೇಲು. ಅದಕ್ಕಿಂತ ಒಳ್ಳೆಯದು, ಮೊದಲ ಎರಡು ವಾರ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯುಸಿಎಲ್‌ಎ ಮೈಂಡ್‌ಫುಲ್ ಆ್ಯಪ್‌ನಲ್ಲಿರುವ ಸ್ಪ್ಯಾನಿಷ್ ಧ್ಯಾನಗಳನ್ನು ಮಾಡುವುದು. ಅದೂ ಉಚಿತ, 3 ನಿಮಿಷದ್ದು, 5 ನಿಮಿಷದ್ದು ಸಿಗುತ್ತವೆ. ಮಗು ತೊಟ್ಟಿಲಲ್ಲಿ ಮಿಸುಕಾಡುವ ಮೊದಲೇ ಮುಗಿಯುತ್ತವೆ. ಆಮೇಲೆ ಪಲೂಸ್‌ಗೆ ಬಂದರೆ ಅರ್ಧ ಗಂಟೆ ಬೆಟ್ಟದಂತೆ ಕಾಣುವುದಿಲ್ಲ.

ಒಂದು ಎಚ್ಚರಿಕೆ. ಗಡಿ ದಾಟುವಾಗಲೋ ಮನೆಯೊಳಗೋ ಹಿಂಸೆ ಕಂಡವರಿಗೆ ಕಣ್ಣುಮುಚ್ಚಿ ಮೈಯನ್ನೇ ಗಮನಿಸುವುದು ಹಳೆಯ ಭಯವನ್ನು ಎಬ್ಬಿಸಬಹುದು. ಎದೆ ಬಿಗಿಯಿತು, ಉಸಿರು ಕಟ್ಟಿತು ಎಂದರೆ ನಿಲ್ಲಿಸಬೇಕು, ಸಹಿಸಿಕೊಂಡು ಮುಂದುವರಿಸಬಾರದು. ಕಣ್ಣು ತೆರೆದು, ಪಾದದಡಿಯ ನೆಲವನ್ನೋ ಹೊರಗಿನ ಸದ್ದನ್ನೋ ಹಿಡಿದುಕೊಳ್ಳಬೇಕು. ಧ್ವನಿಮುದ್ರಣದ ಎದುರು ಒಬ್ಬಳೇ ಕೂತವಳಿಗೆ ಇದನ್ನು ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಈ ಕೋರ್ಸ್‌ನ ದೊಡ್ಡ ಕೊರತೆ ಇದೇ. ವಾಟ್ಸಾಪ್‌ನಲ್ಲಿ ನಾಲ್ಕೈದು ತಾಯಂದಿರು ಗುಂಪಾಗಿ ಮಾಡಿದರೆ ಅರ್ಧ ಕೊರತೆ ನೀಗುತ್ತದೆ.

ಅನುವಾದ ಆದಮಾತ್ರಕ್ಕೆ ಬದುಕಿಗೆ ಒಗ್ಗುವುದಿಲ್ಲ. ಕೋರ್ಸ್‌ನಲ್ಲಿರುವ, ಒಣದ್ರಾಕ್ಷಿಯನ್ನು ನಿಧಾನವಾಗಿ ತಿನ್ನುವ ಅಭ್ಯಾಸಕ್ಕೆ ಬದಲು ಕೊಮಾಲ್ (ಕಾವಲಿ) ಮೇಲೆ ಉಬ್ಬುವ ತೋರ್ತಿಯಾ ರೊಟ್ಟಿ ಸಾಕು: ಮೆಕ್ಕೆಜೋಳದ ವಾಸನೆ, ಬೆರಳಿಗೆ ತಾಗುವ ಬಿಸಿ, ಮೊದಲ ತುತ್ತು. ಬೇರೆ ಸಮಯವೂ ಬೇಡ. ನಾಲ್ಕನೇ ವಾರದ 'ಸ್ಟಾಪ್' (STOP) ಸೂತ್ರ ಇಂಗ್ಲಿಷ್ ಅಕ್ಷರಗಳ ಮೇಲೆ ನಿಂತಿದೆ, ಒಂದೊಂದು ಅಕ್ಷರಕ್ಕೆ ಒಂದೊಂದು ಹೆಜ್ಜೆ. ಪಾರಾ, ರೆಸ್ಪಿರಾ, ಒಬ್ಸೆರ್ವಾ, ಸಿಗೆ, ಅಂದರೆ ನಿಲ್ಲು, ಉಸಿರಾಡು, ನೋಡು, ಮುಂದೆ ಹೋಗು ಎಂದು ನಾಲ್ಕು ಕ್ರಿಯಾಪದಗಳಾಗಿ ಕಲಿಸಿದರೆ ನೆನಪಿನಲ್ಲಿ ಉಳಿಯುತ್ತದೆ. ಆರನೇ ವಾರದ ಸಂವಹನದ ಪಾಠಕ್ಕೆ ಜೊತೆಯಲ್ಲಿ ಮಾತುಕತೆ ಬೇಕೇ ಬೇಕು. ಅತ್ತೆಗೆ, ಗಂಡನಿಗೆ ನೇರವಾಗಿ 'ಆಗಲ್ಲ' ಎನ್ನುವುದು 'ರೆಸ್ಪೆತೊ' (ಹಿರಿಯರಿಗೆ ಕೊಡುವ ಮರ್ಯಾದೆ) ಮುರಿದಂತೆ ಕಾಣುವ ಮನೆಗಳಿವೆ. ಕನ್ನಡದ ಸೊಸೆಯಂದಿರಿಗೆ ಇದನ್ನು ವಿವರಿಸಬೇಕಿಲ್ಲ.

'ನೆರ್ವಿಯೋಸ್' ಎಂದು ಅವರು ಹೇಳಿಕೊಳ್ಳುವ ತಳಮಳವನ್ನು ಬರೀ ಟೆನ್ಷನ್ ಎಂದು ತಳ್ಳಿಹಾಕಬಾರದು. ಆ ತಳಮಳ ಒಮ್ಮೆಲೇ ಉಕ್ಕುವ 'ಆತಾಕೆ ದೆ ನೆರ್ವಿಯೋಸ್' ಅಮೆರಿಕದ ಮನೋವೈದ್ಯರ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲೇ ದಾಖಲಾಗಿದೆ. ಬಸುರಿ, ಬಾಣಂತಿಯರಲ್ಲಿ ಅದು ಹೆಚ್ಚಾದರೆ ಧ್ಯಾನ ಬದಿಗಿಟ್ಟು ಅಮೆರಿಕದ ತಾಯಂದಿರ ಮಾನಸಿಕ ಆರೋಗ್ಯ ಸಹಾಯವಾಣಿ 1-833-852-6262ಕ್ಕೆ ಕರೆ ಮಾಡಬೇಕು: ಉಚಿತ, ಹಗಲು ರಾತ್ರಿ, ಸ್ಪ್ಯಾನಿಷ್‌ನಲ್ಲೂ ಮಾತಾಡುತ್ತಾರೆ.